ಮೋಡೆಮ್, ಫ್ಲಾಪಿ, ಸಿಡಿ, ಹಳೆಯ ಹಾರ್ಡ್‌ಡಿಸ್ಕ್: ಯಾವುದರ ನಿಜವಾದ ವೇಗ ಎಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ತೋಟದ ಆಫೀಸು, ಸಹಕಾರ ಸಂಘ, ಫೋಟೊ ಸ್ಟುಡಿಯೊ, ಶಾಲೆಗಳ ಬೀರುಗಳಲ್ಲಿ ಇವತ್ತಿಗೂ ಫ್ಲಾಪಿ ಡಬ್ಬಿಗಳು, ಸಿಡಿ ಕಂತೆಗಳು, ತಂತಿ ಸುತ್ತಿಟ್ಟ ಮೋಡೆಮ್‌ಗಳು (ಕಂಪ್ಯೂಟರನ್ನು ಫೋನ್ ಲೈನಿಗೆ ಜೋಡಿಸುವ ಪೆಟ್ಟಿಗೆಗಳು) ಇವೆ. ಚೆಕ್‌ರೋಲ್ (ಕೂಲಿ ಹಾಜರಿ) ಲೆಕ್ಕ, ಸದಸ್ಯರ ಪಟ್ಟಿ, ಮದುವೆ ಫೋಟೊ ಎಲ್ಲವೂ ಅವುಗಳೊಳಗೆ ಕೂತಿವೆ. ತೆಗೆಯಲು ಹೊರಟವರು ಮೊದಲು ಕೇಳುವುದು "ಎಷ್ಟು ಹೊತ್ತು ಹಿಡಿಯುತ್ತೆ?" ಎಂದು. ಡಬ್ಬಿಯ ಮೇಲೆ ಅಚ್ಚಾದ ಅಂಕಿ ನೋಡಿ ಉತ್ತರ ಹೇಳಿದರೆ ತಪ್ಪಾಗುತ್ತದೆ. ಒಂದು ಕಡೆಯ ಬೈಟ್ ಇನ್ನೊಂದು ಕಡೆಗೆ ಸರಿಯಾಗಿ ಹೋಗಿ ಸೇರಲು ಹಿಡಿಯುವ ಸಮಯ ಒಂದೇ ನಂಬಬಹುದಾದ ಅಳತೆ. ಕೆಳಗಿನ ಉತ್ತರಗಳೆಲ್ಲ ಆ ಲೆಕ್ಕದಲ್ಲೇ ಇವೆ.

56ಕೆ ಮೋಡೆಮ್ ಇದ್ದರೂ ಡೌನ್‌ಲೋಡ್ ಸೆಕೆಂಡಿಗೆ 5 ಕೆಬಿ ದಾಟುತ್ತಿರಲಿಲ್ಲ. ಯಾಕೆ?

56ಕೆ ಎಂದರೆ ಸೆಕೆಂಡಿಗೆ 56,000 ಬಿಟ್. ಬ್ರೌಸರ್ ತೋರಿಸುವುದು ಬೈಟ್. 8 ಬಿಟ್‌ಗೆ 1 ಬೈಟ್, ಹಾಗಾಗಿ 7,000 ಬೈಟ್ ಆಯಿತು. ಅದೂ ಕಾಗದದ ಮೇಲಿನ ಲೆಕ್ಕವೇ. ಟೆಲಿಫೋನ್ ಎಕ್ಸ್‌ಚೇಂಜಿನಿಂದ ಎರಡು ಮೂರು ಕಿಲೋಮೀಟರು ಬಂದ ತಾಮ್ರದ ಲೈನಿನಲ್ಲಿ ಸಂಪರ್ಕ 40,000ದಿಂದ 46,000 ಬಿಟ್‌ನ ನಡುವೆ ನಿಲ್ಲುವುದು ಸಾಮಾನ್ಯ. 44,000 ಎಂದು ಹಿಡಿದರೆ 5,500 ಬೈಟ್. ಪ್ರತಿ ಪ್ಯಾಕೆಟ್ಟೂ ತನ್ನ ವಿಳಾಸ ಹೊತ್ತು ಬರಬೇಕಲ್ಲ, ಅದನ್ನು ಕಳೆದರೆ ಉಳಿಯುವುದು 5 ಕೆಬಿ ಆಸುಪಾಸು. ನಿಮ್ಮ ಮೋಡೆಮ್ ಕೆಟ್ಟಿರಲಿಲ್ಲ.

ಸಂಪರ್ಕ ಆದ ಕೂಡಲೇ ಪರದೆಯ ಮೂಲೆಯಲ್ಲಿ 1,15,200 ಎಂದು ತೋರಿಸುತ್ತಿದ್ದರೆ ಅದನ್ನು ನಂಬಬೇಡಿ. ಅದು ಕಂಪ್ಯೂಟರಿನಿಂದ ಮೋಡೆಮ್‌ವರೆಗಿನ ಸೀರಿಯಲ್ ಕೇಬಲ್ಲಿನ ವೇಗ. ಲೈನಿನ ವೇಗ ಬೇಕಾದರೆ ಮೋಡೆಮ್ ಲಾಗ್ ಫೈಲ್ ತೆರೆದು ನೋಡಬೇಕು.

56ಕೆ ಎಂಬ ಮಿತಿ ಬಂದದ್ದೆಲ್ಲಿಂದ? ಅಪ್‌ಲೋಡ್ ಮಾತ್ರ 33.6 ಏಕೆ?

ಡಿಜಿಟಲ್ ಎಕ್ಸ್‌ಚೇಂಜ್ ನಿಮ್ಮ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ನಲ್ಲಿ ಬರೆಯುತ್ತದೆ. ಗುಣಿಸಿದರೆ 64,000 ಬಿಟ್. ಆದರೆ ಆ 256 ಮಟ್ಟಗಳಲ್ಲಿ ಕೆಲವು ತೀರಾ ಒತ್ತೊತ್ತಾಗಿವೆ. ಮನೆಯವರೆಗಿನ ತಂತಿಯ ಗದ್ದಲದಲ್ಲಿ ಅವನ್ನು ಬೇರ್ಪಡಿಸಿ ಗುರುತಿಸಲು ಆಗುವುದಿಲ್ಲ. ಸುಲಭವಾಗಿ ಗುರುತಿಸಬಹುದಾದ 128 ಮಟ್ಟ, ಅಂದರೆ 7 ಬಿಟ್, ಇಟ್ಟುಕೊಂಡರೆ 56,000. 1998ರ ವಿ.90 ಮಾನದಂಡ ನಿಂತದ್ದು ಈ ಲೆಕ್ಕದ ಮೇಲೆ.

ಒಂದು ಷರತ್ತಿದೆ: ದಾರಿಯಲ್ಲಿ ಡಿಜಿಟಲ್‌ನಿಂದ ಅನಲಾಗ್‌ಗೆ ಒಂದೇ ಒಂದು ಸಲ ಮಾತ್ರ ಬದಲಾಗಬೇಕು. ಇಂಟರ್ನೆಟ್ ಕಂಪನಿಯ ಕಡೆ ಪೂರ್ತಿ ಡಿಜಿಟಲ್ ಇರುವುದರಿಂದ ಕೆಳಗೆ ಬರುವ ದಾರಿಗೆ ಇದು ಸಾಧ್ಯ. ಮನೆಯಿಂದ ಮೇಲೆ ಹೋಗುವಾಗ ಎಕ್ಸ್‌ಚೇಂಜು ನಿಮ್ಮ ಅನಲಾಗ್ ಸದ್ದನ್ನು ಹೊಸದಾಗಿ ಅಳೆಯಬೇಕು, ಅಳೆಯುವಾಗ ಉಳಿಯುವ ಚೂರುಪಾರು ತಪ್ಪೇ ಗದ್ದಲವಾಗುತ್ತದೆ, ಹಾಗಾಗಿ 33,600. ಆಮೇಲೆ 2000ದಲ್ಲಿ ಬಂದ ವಿ.92 ಇದನ್ನು 48,000ಕ್ಕೆ ಏರಿಸಿತು.

ತೋಟದ ಬಂಗಲೆಗಳಲ್ಲಿ ಎಡವಟ್ಟಾಗುತ್ತಿದ್ದದ್ದು ಇಲ್ಲೇ. ಬಂಗಲೆ, ರೈಟರ್ ಆಫೀಸು, ಗೋಡೌನು ಮೂರಕ್ಕೂ ಸೇರಿ ಒಂದು ಇಪಿಎಬಿಎಕ್ಸ್ (ಹೊರಗಿನ ಲೈನನ್ನು ಒಳಗಿನ ಹಲವು ಫೋನಿಗೆ ಹಂಚುವ ಪೆಟ್ಟಿಗೆ) ಹಾಕಿ ಅದರ ಎಕ್ಸ್‌ಟೆನ್ಷನ್‌ಗೆ ಮೋಡೆಮ್ ಕೊಟ್ಟರೆ, ಆ ಪೆಟ್ಟಿಗೆಯೊಳಗೆ ಸಿಗ್ನಲ್ ಇನ್ನೊಂದು ಸಲ ಡಿಜಿಟಲ್ಲಿಗೆ ಹೋಗಿ ಬರಬಹುದು. ಹಾಗಾದರೆ ವಿ.90 ಕೈಬಿಟ್ಟು ಮೋಡೆಮ್ 28,800 ಅಥವಾ 33,600ಕ್ಕೆ ಇಳಿಯುತ್ತದೆ. ಮೋಡೆಮ್ ತಂತಿಯನ್ನು ಇಪಿಎಬಿಎಕ್ಸ್‌ಗೂ ಮೊದಲು, ಹೊರಗಿನ ಲೈನ್ ಮನೆಯೊಳಗೆ ಬರುವ ಜಾಗದಲ್ಲೇ ಕೊಡಬೇಕು.

ಇನ್ನು ಹಳ್ಳಿಯ ಎಕ್ಸ್‌ಚೇಂಜು ಚಿಕ್ಕದು ಎಂಬುದು ನಿಧಾನಕ್ಕೆ ಕಾರಣವಲ್ಲ. 1984ರಲ್ಲಿ ಶುರುವಾದ ಸಿ-ಡಾಟ್ ಎಂಬ ಸರ್ಕಾರಿ ದೂರಸಂಪರ್ಕ ಸಂಸ್ಥೆ ಹಳ್ಳಿಗಳಿಗೆಂದೇ ಮಾಡಿದ 128 ಲೈನಿನ ಪೆಟ್ಟಿಗೆಯೂ ಡಿಜಿಟಲ್ಲೇ. ತೊಂದರೆ ಇರುವುದು ಅಲ್ಲಿಂದ ಮನೆಗೆ ಬರುವ ತಂತಿಯಲ್ಲಿ.

ಬೌಡ್, ಬಿಪಿಎಸ್ ಎರಡೂ ಒಂದೇ ಅಲ್ಲವೇ?

ಬಿಪಿಎಸ್ ಎಂದರೆ ಸೆಕೆಂಡಿಗೆ ಹೋಗುವ ಬಿಟ್. 300ರ ಮೋಡೆಮ್ ಕಾಲದಲ್ಲಿ ಎರಡೂ ಒಂದೇ ಆಗಿತ್ತು, ಗೊಂದಲ ಹುಟ್ಟಿದ್ದೂ ಅದರಿಂದ. ಬೌಡ್ ಎಂದರೆ ಲೈನಿನ ಮೇಲಿನ ಸದ್ದು ಸೆಕೆಂಡಿಗೆ ಎಷ್ಟು ಸಲ ಬದಲಾಗುತ್ತದೆ ಎಂಬ ಎಣಿಕೆ. ಒಂದೊಂದು ಬದಲಾವಣೆಯಲ್ಲಿ ಎಷ್ಟು ಬಿಟ್ ತುಂಬುತ್ತೇವೆ ಎಂಬುದು ಬೇರೆ ಮಾತು. "2400 ಬೌಡ್ ಮೋಡೆಮ್" ಎಂದು ಅಂಗಡಿಯಲ್ಲಿ ಮಾರುತ್ತಿದ್ದುದು ನಿಜವಾಗಿ 600 ಬೌಡ್, ಬದಲಾವಣೆಗೆ 4 ಬಿಟ್. 9600ರ ವಿ.32 ಮೋಡೆಮ್ 2400 ಬೌಡ್. ಹೋಲಿಸಲು ಬಿಪಿಎಸ್ ಸಾಕು; ಬೌಡ್ ಅನ್ನು ಬಿಟ್ಟುಬಿಡಿ.

ಮೋಡೆಮ್ ಲೆಕ್ಕದಲ್ಲಿ ಕೆಲವರು 8ರಿಂದ, ಕೆಲವರು 10ರಿಂದ ಭಾಗಿಸುತ್ತಾರೆ. ಯಾವುದು ಸರಿ?

ಎರಡೂ ಸರಿ, ಜಾಗ ಬೇರೆ. ಸೀರಿಯಲ್ ಕೇಬಲ್ಲಿನಲ್ಲಿ ಪ್ರತಿ ಬೈಟ್‌ಗೆ ಮೊದಲು ಒಂದು ಸ್ಟಾರ್ಟ್ ಬಿಟ್, ಕೊನೆಗೆ ಒಂದು ಸ್ಟಾಪ್ ಬಿಟ್ ಸೇರಿ 10 ಬಿಟ್ ಆಗುತ್ತದೆ. 300, 1200, 2400ರ ಸಾದಾ ಮೋಡೆಮ್‌ಗಳಲ್ಲಿ ಈ ಹತ್ತೂ ಬಿಟ್ ಫೋನ್ ಲೈನಿನ ಮೇಲೂ ಹೋಗುತ್ತಿದ್ದವು. ವಿ.42 ಎಂಬ ತಪ್ಪು ತಿದ್ದುವ ವ್ಯವಸ್ಥೆ ಬಂದ ಮೇಲೆ ಮೋಡೆಮ್ ಆ ಎರಡು ಬಿಟ್‌ಗಳನ್ನು ಕಿತ್ತು ಕಟ್ಟುಕಟ್ಟಾಗಿ ಕಳಿಸತೊಡಗಿತು; ಅಲ್ಲಿ 8ರಿಂದ ಭಾಗಿಸಿ. 9600ವರೆಗಿನ ಹಳೆಯ ಮೋಡೆಮ್ ಮತ್ತು ಕೇಬಲ್ಲಿಗೆ 10ರಿಂದ; 14,400 ಮತ್ತು ಅದಕ್ಕೂ ಮೇಲಿನ ಮೋಡೆಮ್‌ಗೆ 8ರಿಂದ.

ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಹೇಗೆ?

ಒಂದು ಫ್ಲಾಪಿಯಷ್ಟು ಮಾಹಿತಿಯನ್ನು ಅಳತೆಗೋಲಾಗಿ ಹಿಡಿಯಿರಿ. ಮೂರೂವರೆ ಇಂಚಿನ ಫ್ಲಾಪಿಯಲ್ಲಿ 80 ಟ್ರ್ಯಾಕ್, 2 ಬದಿ, ಟ್ರ್ಯಾಕಿಗೆ 18 ಸೆಕ್ಟರ್, ಸೆಕ್ಟರಿಗೆ 512 ಬೈಟ್: ಒಟ್ಟು 14,74,560 ಬೈಟ್. (ಮೇಲೆ ಬರೆದ 1.44 ಎಂಬುದು 1,440ನ್ನು 1,024ರಿಂದ ಗುಣಿಸಿ ಬಂದ ಬೆರಕೆ ಲೆಕ್ಕ. ಸಾವಿರದ ಲೆಕ್ಕಕ್ಕೂ ಸೇರದು, 1,024ರ ಲೆಕ್ಕಕ್ಕೂ ಸೇರದು.) ಇಷ್ಟನ್ನು ಸಾಗಿಸಲು:

300 ಬಿಪಿಎಸ್ ಮೋಡೆಮ್: 13 ಗಂಟೆ 39 ನಿಮಿಷ
1200: 3 ಗಂಟೆ 25 ನಿಮಿಷ
2400: 1 ಗಂಟೆ 42 ನಿಮಿಷ
9600: 25 ನಿಮಿಷ 36 ಸೆಕೆಂಡು
14,400: 13 ನಿಮಿಷ 39 ಸೆಕೆಂಡು
33,600: 5 ನಿಮಿಷ 51 ಸೆಕೆಂಡು
56ಕೆ, 44,000ಕ್ಕೆ ಸಿಕ್ಕಾಗ: 4 ನಿಮಿಷ 28 ಸೆಕೆಂಡು
1,15,200ರ ಸೀರಿಯಲ್ ಕೇಬಲ್: 2 ನಿಮಿಷ 8 ಸೆಕೆಂಡು
ಐಎಸ್‌ಡಿಎನ್ (ಡಿಜಿಟಲ್ ಫೋನ್ ಲೈನು), ಎರಡೂ ಚಾನೆಲ್ ಸೇರಿ 1,28,000: 1 ನಿಮಿಷ 32 ಸೆಕೆಂಡು
256 ಕೆಬಿಪಿಎಸ್ ಬ್ರಾಡ್‌ಬ್ಯಾಂಡ್: 46 ಸೆಕೆಂಡು
ಫ್ಲಾಪಿ ಡ್ರೈವ್ ತಾನೇ ಓದಿದರೆ: ಅತಿ ಚೆನ್ನಾಗಿದ್ದಾಗ 32 ಸೆಕೆಂಡು
1ಎಕ್ಸ್ ಸಿಡಿ: 9.6 ಸೆಕೆಂಡು
10 ಎಂಬಿಪಿಎಸ್ ನೆಟ್‌ವರ್ಕ್, ಯುಎಸ್‌ಬಿ 1.1: ಒಂದೂವರೆ ಸೆಕೆಂಡು ಆಸುಪಾಸು

ಫೋನ್ ಲೈನ್ ಫ್ಲಾಪಿಯ ಹತ್ತಿರ ಬರಲು ಬ್ರಾಡ್‌ಬ್ಯಾಂಡ್‌ವರೆಗೆ ಕಾಯಬೇಕಾಯಿತು ಎಂಬುದನ್ನು ಗಮನಿಸಿ. ಬಿಎಸ್‌ಎನ್‌ಎಲ್ 256 ಕೆಬಿಪಿಎಸ್‌ನ ಡೇಟಾಒನ್ ತಂದದ್ದು 2005ರಲ್ಲಿ.

ಹಾಸನದಿಂದ ಚಿಕ್ಕಮಗಳೂರಿಗೆ ಬಸ್ಸಿನಲ್ಲಿ ಸಿಡಿ ಕಳಿಸುವುದೇ ಬೇಗ ಎನ್ನುತ್ತಿದ್ದರು. ನಿಜವೇ?

ನಿಜ, ಲೆಕ್ಕ ಹಾಕಿಯೇ ತೋರಿಸಬಹುದು. ಬೇಲೂರಿನ ಮೇಲೆ ಹೋಗುವ ಬಸ್ಸಿಗೆ ಈ ಬಾಗಿಲಿನಿಂದ ಆ ಬಾಗಿಲಿಗೆ ಎರಡು ಗಂಟೆ, ಅಂದರೆ 7,200 ಸೆಕೆಂಡು ಎಂದು ಹಿಡಿಯಿರಿ. 80 ನಿಮಿಷದ ಸಿಡಿಯಲ್ಲಿ 73,72,80,000 ಬೈಟ್. ಭಾಗಿಸಿದರೆ ಸೆಕೆಂಡಿಗೆ 1,02,400 ಬೈಟ್, ಬಿಟ್‌ನಲ್ಲಿ ಹೇಳಿದರೆ 819 ಕೆಬಿಪಿಎಸ್. ಅದೇ ಸಿಡಿಯನ್ನು ಸೆಕೆಂಡಿಗೆ 5,000 ಬೈಟ್‌ನ ಡಯಲಪ್‌ನಲ್ಲಿ ಕಳಿಸಲು 41 ಗಂಟೆ ಬೇಕು, ಅದೂ ಲೈನ್ ಒಂದು ಸಲವೂ ಕಡಿಯದಿದ್ದರೆ. ಡಿವಿಡಿಯಾದರೆ ಬಸ್ಸಿನ ವೇಗ 5.2 ಎಂಬಿಪಿಎಸ್, 256 ಕೆಬಿಪಿಎಸ್ ಬ್ರಾಡ್‌ಬ್ಯಾಂಡ್‌ನಲ್ಲಿ ಅದಕ್ಕೂ ಹೆಚ್ಚುಕಡಿಮೆ 41 ಗಂಟೆಯೇ.

ಫ್ಲಾಪಿಯ ಕಥೆ ಹೀಗಲ್ಲ. ಹತ್ತು ಫ್ಲಾಪಿಯ ಡಬ್ಬಿಯೊಂದನ್ನು ಕಳಿಸಿದರೆ ಬರೆಯಲು ಹತ್ತು ನಿಮಿಷ, ಆ ಕಡೆ ಓದಲು ಹತ್ತು ನಿಮಿಷ ಸೇರಿ ಸೆಕೆಂಡಿಗೆ 1,755 ಬೈಟ್ ಬೀಳುತ್ತದೆ. 14,400ರ ಮೋಡೆಮ್ 1,800 ಬೈಟ್ ಕೊಡುತ್ತದೆ. ಅಂದರೆ ಸಮಸಮ. ಜೊತೆಗೆ ಹತ್ತರಲ್ಲಿ ಒಂದು ಫ್ಲಾಪಿ ಆ ಕಡೆಯ ಡ್ರೈವಿನಲ್ಲಿ ತೆರೆಯದಿದ್ದರೆ ಇನ್ನೊಂದು ಬಸ್ಸಿಗೆ ಕಾಯಬೇಕು. ಬಸ್ಸಿನ ವೇಗ ಹೇಳುವಾಗ ಎರಡೂ ತುದಿಯ ನಕಲು ಸಮಯ ಸೇರಿಸದಿದ್ದರೆ ಹೋಲಿಕೆ ಸುಳ್ಳಾಗುತ್ತದೆ.

ಫ್ಲಾಪಿ ಡ್ರೈವ್ 500 ಕೆಬಿಪಿಎಸ್ ಎನ್ನುತ್ತಾರೆ. ನಕಲು ಮಾಡಲು ಒಂದು ನಿಮಿಷ, ಕೆಲವೊಮ್ಮೆ ಹತ್ತು ನಿಮಿಷ ಹಿಡಿಯುವುದೇಕೆ?

ಫ್ಲಾಪಿ ನಿಮಿಷಕ್ಕೆ 300 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 200 ಮಿಲಿಸೆಕೆಂಡು. ಒಂದು ಸುತ್ತಿನಲ್ಲಿ 18 ಸೆಕ್ಟರ್, 9,216 ಬೈಟ್. ಆದ್ದರಿಂದ ಸೆಕೆಂಡಿಗೆ 46,080 ಬೈಟ್ ಇದರ ಛಾವಣಿ. ಹೆಡ್ ಮುಂದಿನ ಟ್ರ್ಯಾಕಿಗೆ ಸರಿದು ನೆಲೆಯಾಗುವ ಹೊತ್ತಿಗೆ ಮೊದಲ ಸೆಕ್ಟರ್ ದಾಟಿಹೋಗಿದ್ದರೆ ಮತ್ತೆ ಒಂದು ಸುತ್ತು ಕಾಯಬೇಕು. ಹೀಗೆ 32 ಸೆಕೆಂಡಿನ ಕೆಲಸ ಒಂದು ನಿಮಿಷವಾಗುತ್ತದೆ.

ಹತ್ತು ನಿಮಿಷ ಆಗುವುದು ಸೆಕ್ಟರ್ ಓದಲು ಬಾರದಿದ್ದಾಗ. ಒಂದೊಂದು ಮರುಪ್ರಯತ್ನಕ್ಕೂ ಕನಿಷ್ಠ ಒಂದು ಸುತ್ತು; ನಡುವೆ ಹೆಡ್ ಸೊನ್ನೆಯ ಟ್ರ್ಯಾಕಿಗೆ ಹಿಂದಕ್ಕೋಡಿ ಮತ್ತೆ ಬರುತ್ತದೆ. ಆಗ ಕೇಳುವ "ಗರ್ ಗರ್... ಟಕ್" ಸದ್ದು ಇದೇ. ಆ ಸದ್ದು ಶುರುವಾದರೆ ಮತ್ತೆ ಮತ್ತೆ ಫೈಲ್ ಕಾಪಿ ಕೊಡಬೇಡಿ, ನಿಲ್ಲಿಸಿ. ಫ್ಲಾಪಿ ಹೊರತೆಗೆದು, ಲೋಹದ ಮುಚ್ಚಳ ಸರಿಸಿ, ಟಾರ್ಚಿನ ಬೆಳಕು ಓರೆಯಾಗಿ ಬೀಳುವಂತೆ ಹಿಡಿದು ಡಿಸ್ಕನ್ನು ನಡುವಿನ ಲೋಹದ ಬಿಲ್ಲೆಯಿಂದ ನಿಧಾನ ತಿರುಗಿಸಿ ನೋಡಿ. ಕಂದು ಮೈಮೇಲೆ ಬಿಳಿಚುಕ್ಕೆ, ಜೇಡರ ಬಲೆಯಂಥ ಎಳೆ ಕಂಡರೆ ಬೂಷ್ಟು ಹಿಡಿದಿದೆ. ಅರಸೀಕೆರೆಯ ಒಣಹವೆಯಲ್ಲಿ ಇಟ್ಟ ಡಬ್ಬಿ ಚೆನ್ನಾಗಿಯೇ ಉಳಿದಿರಬಹುದು. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ನಾಲ್ಕು ತಿಂಗಳ ಮಳೆ ಕಂಡ ಡಬ್ಬಿಯಲ್ಲಿ ಬೂಷ್ಟು ಇದೆ ಎಂದುಕೊಂಡೇ ತೆರೆಯಿರಿ.

ಬೂಷ್ಟು ಹಿಡಿದದ್ದನ್ನು ಹಾಗೇ ಡ್ರೈವಿಗೆ ಹಾಕಿದರೆ ಹೆಡ್ ಕೊಳೆಯಾಗಿ, ಅದು ಮುಂದೆ ಹಾಕುವ ಒಳ್ಳೆಯ ಫ್ಲಾಪಿಯನ್ನೂ ಗೀರುತ್ತದೆ. ಇಡೀ ಡಬ್ಬಿ ಹಾಳಾಗುವುದು ಹೀಗೆ. ಶೇಕಡಾ 99ರ ಐಸೊಪ್ರೊಪೈಲ್ ಆಲ್ಕೊಹಾಲ್, ಹತ್ತಿ ಕಡ್ಡಿ ತನ್ನಿ. ಮುಚ್ಚಳದ ಕಿಂಡಿಯಿಂದ ಎರಡೂ ಬದಿಯನ್ನು ಮೆಲ್ಲಗೆ ಒರೆಸುತ್ತ ಡಿಸ್ಕ್ ತಿರುಗಿಸಿ, ಪೂರ್ತಿ ಆರಲು ಬಿಡಿ. ಹೆಡ್ ಅನ್ನು ಪ್ರತಿ ಐದಾರು ಫ್ಲಾಪಿಗೊಮ್ಮೆ ಒರೆಸಿ. ಔಷಧಿ ಅಂಗಡಿಯ ಶೇಕಡಾ 70ರ ದ್ರಾವಣದಲ್ಲಿ ನೀರಿರುತ್ತದೆ, ಬೇಡ.

ಓದುವ ಮೊದಲು ರೈಟ್-ಪ್ರೊಟೆಕ್ಟ್ ಮಾಡುವುದು ಮರೆಯಬೇಡಿ: ಮೂರೂವರೆ ಇಂಚಿನದರಲ್ಲಿ ಮೂಲೆಯ ಗುಂಡಿ ಸರಿಸಿ ತೂತು ಕಾಣುವಂತೆ ಮಾಡಬೇಕು, ಐದೂಕಾಲು ಇಂಚಿನದರಲ್ಲಿ ಪಕ್ಕದ ಕಚ್ಚನ್ನು ಪಟ್ಟಿ ಅಂಟಿಸಿ ಮುಚ್ಚಬೇಕು. ಒಂದಕ್ಕೊಂದು ತದ್ವಿರುದ್ಧ, ಇಲ್ಲಿ ತಪ್ಪುವವರು ಬಹಳ. ಆಮೇಲೆ ಫೈಲ್ ಫೈಲಾಗಿ ನಕಲು ಮಾಡದೆ, ಡಿಡಿರೆಸ್ಕ್ಯೂನಂಥ ತಂತ್ರಾಂಶದಿಂದ ಇಡೀ ಡಿಸ್ಕಿನ ಇಮೇಜ್ (ಸೆಕ್ಟರ್ ಸೆಕ್ಟರಾಗಿ ತೆಗೆದ ಪೂರ್ತಿ ಪ್ರತಿ) ತೆಗೆಯಿರಿ. ಅದು ಮೊದಲು ಸಲೀಸಾಗಿ ಬರುವುದನ್ನೆಲ್ಲ ಎತ್ತಿಕೊಂಡು, ಹಟ ಮಾಡುವ ಸೆಕ್ಟರ್‌ಗಳಿಗೆ ಕೊನೆಯಲ್ಲಿ ಮರಳುತ್ತದೆ.

ಯುಎಸ್‌ಬಿ ಫ್ಲಾಪಿ ಡ್ರೈವ್ ಕೊಂಡರೆ ಎಲ್ಲ ಫ್ಲಾಪಿಯೂ ಓದುತ್ತದೆಯೇ?

ಮೂರೂವರೆ ಇಂಚಿನ 1.44 ಎಂಬಿ, 720 ಕೆಬಿ ಎರಡು ಬಗೆ ಮಾತ್ರ. ಐದೂಕಾಲು ಇಂಚಿನದಕ್ಕೆ ಹಳೆಯ ಡ್ರೈವೇ ಬೇಕು, ಅದನ್ನು ಫ್ಲಾಪಿ ಕಂಟ್ರೋಲರ್ ಇರುವ ಹಳೆಯ ಮದರ್‌ಬೋರ್ಡಿಗೆ, ಇಲ್ಲವೇ ಗ್ರೀಸ್‌ವೀಜಲ್‌ನಂಥ ಯುಎಸ್‌ಬಿ ಫ್ಲಾಪಿ ಕಂಟ್ರೋಲರಿಗೆ ಜೋಡಿಸಬೇಕು. 360 ಕೆಬಿಯ ಡಿಸ್ಕನ್ನು 1.2 ಎಂಬಿ ಡ್ರೈವಿನಲ್ಲಿ ಓದಬಹುದು, ಬರೆಯಬಾರದು: ಆ ಡ್ರೈವಿನ ಹೆಡ್ ಬರೆಯುವ ಗೆರೆ ಸಪೂರ, ಹಳೆಯ ಅಗಲದ ಗೆರೆ ಪೂರ್ತಿ ಅಳಿಯದೆ ಎರಡೂ ಬೆರೆತು 360ರ ಡ್ರೈವಿಗೆ ಓದಲು ಬಾರದಂತಾಗುತ್ತದೆ.

52ಎಕ್ಸ್ ಸಿಡಿ ಡ್ರೈವ್ ಯಾವತ್ತೂ 52ಎಕ್ಸ್ ಕೊಟ್ಟಿದ್ದು ಕಂಡಿಲ್ಲ.

ಕಾಣುವುದು ಕಷ್ಟವೇ. 1ಎಕ್ಸ್ ಎಂದರೆ ಸೆಕೆಂಡಿಗೆ 75 ಸೆಕ್ಟರ್, ಸೆಕ್ಟರಿಗೆ 2,048 ಬೈಟ್: 1,53,600 ಬೈಟ್. 52ಎಕ್ಸ್ ಆದರೆ ಸುಮಾರು 80 ಲಕ್ಷ ಬೈಟ್. ಆದರೆ ಈ ಡ್ರೈವುಗಳು ಡಿಸ್ಕನ್ನು ಒಂದೇ ಸುತ್ತಿನ ವೇಗದಲ್ಲಿ ತಿರುಗಿಸುತ್ತವೆ. ರಾಟೆಯ ಅಂಚು ನಡುವಿಗಿಂತ ಬೇಗ ಓಡುವಂತೆ, ಹೊರ ಅಂಚಿನಲ್ಲಿ ಮಾತ್ರ 52; ಮಾಹಿತಿ ಶುರುವಾಗುವ ಒಳಗಿನ ಅಂಚಿನಲ್ಲಿ 22ರ ಸುತ್ತಮುತ್ತ. ಸಿಡಿ ತುಂಬುವುದು ಒಳಗಿನಿಂದ ಹೊರಕ್ಕೆ. ಸ್ಟುಡಿಯೊದವರು 150 ಎಂಬಿ ಫೋಟೊ ಹಾಕಿ ಕೊಟ್ಟ ಸಿಡಿಯಾದರೆ ಹೆಡ್ ಹೊರ ಅಂಚಿಗೆ ಹೋಗುವ ಪ್ರಸಂಗವೇ ಬರುವುದಿಲ್ಲ.

ಗೀರು ಇದ್ದರೆ ಡ್ರೈವ್ ತಾನೇ ವೇಗ ಇಳಿಸಿಕೊಂಡು ಓದುತ್ತದೆ, ಓದಲಿ ಬಿಡಿ. ಒರೆಸುವಾಗ ನಡುವಿನಿಂದ ಅಂಚಿನ ಕಡೆಗೆ ನೇರ ಗೆರೆಯಲ್ಲಿ ಒರೆಸಿ. ಸುತ್ತಲೂ ಒರೆಸಿದರೆ ಬೀಳುವ ಗೀರು ಟ್ರ್ಯಾಕಿನ ಉದ್ದಕ್ಕೇ ಬಿದ್ದು, ತಪ್ಪು ತಿದ್ದುವ ವ್ಯವಸ್ಥೆಗೂ ಕೈಮೀರುತ್ತದೆ. ಬೆಳಕಿಗೆ ಹಿಡಿದಾಗ ಮೇಲ್ಪದರದಲ್ಲಿ ಸೂಜಿಮೊನೆಯಂಥ ತೂತು ಕಂಡರೆ ಬೆಳ್ಳಿಪದರವೇ ಹೋಗಿದೆ. ಅಲ್ಲಿದ್ದದ್ದು ಮರಳುವುದಿಲ್ಲ, ಉಳಿದದ್ದನ್ನು ಅವತ್ತೇ ತೆಗೆದಿಡಿ.

ಹಳೆಯ ಐಡಿಇ ಹಾರ್ಡ್‌ಡಿಸ್ಕಿನಿಂದ ನಕಲು ತೀರಾ ನಿಧಾನ. ಡಿಸ್ಕ್ ಕೆಟ್ಟಿದೆಯೇ?

ಮೊದಲು ದಾರಿ ನೋಡಿ. ಐಡಿಇ-ಯುಎಸ್‌ಬಿ ಅಡಾಪ್ಟರನ್ನು ಹಳೆಯ ಕಂಪ್ಯೂಟರಿನ ಯುಎಸ್‌ಬಿ 1.1 ಪೋರ್ಟಿಗೆ ಚುಚ್ಚಿದ್ದರೆ 12 ಎಂಬಿಪಿಎಸ್ಸೇ ಮಿತಿ. ಒಂದು ಮಿಲಿಸೆಕೆಂಡಿಗೆ 64 ಬೈಟ್‌ನ 19 ಪ್ಯಾಕೆಟ್ ಮಾತ್ರ ಹಿಡಿಯುತ್ತದೆ, ಅಂದರೆ ಸೆಕೆಂಡಿಗೆ 12,16,000 ಬೈಟ್ ಮೀರುವುದೇ ಇಲ್ಲ. ಕೈಗೆ ಸಿಗುವುದು 10 ಲಕ್ಷ. 40 ಜಿಬಿ ಡಿಸ್ಕಿಗೆ 11 ಗಂಟೆ. ಅದೇ ಅಡಾಪ್ಟರ್ ಯುಎಸ್‌ಬಿ 2.0 ಪೋರ್ಟಿನಲ್ಲಿ ಸೆಕೆಂಡಿಗೆ 25ರಿಂದ 30 ಎಂಬಿ ಕೊಟ್ಟು ಅರ್ಧ ಗಂಟೆಯೊಳಗೆ ಮುಗಿಸುತ್ತದೆ. ಮೂರೂವರೆ ಇಂಚಿನ ಡಿಸ್ಕಿಗೆ 12 ವೋಲ್ಟಿನ ಪ್ರತ್ಯೇಕ ಪವರ್ ಬೇಕು, ಜಂಪರ್ ಮಾಸ್ಟರ್‌ನಲ್ಲಿರಬೇಕು. ಲ್ಯಾಪ್‌ಟಾಪಿನ ಎರಡೂವರೆ ಇಂಚಿನದಕ್ಕೆ 5 ವೋಲ್ಟ್ ಸಾಕು.

ನೇರ ಮದರ್‌ಬೋರ್ಡಿಗೇ ಜೋಡಿಸಿ ವಿಂಡೋಸ್ ಎಕ್ಸ್‌ಪಿಯಲ್ಲಿ ನಕಲು ಮಾಡುತ್ತಿದ್ದರೆ, ಸೆಕೆಂಡಿಗೆ 3–4 ಎಂಬಿ ಬರುತ್ತಿದ್ದು ಮೌಸ್ ಸಹ ತಡವರಿಸುತ್ತಿದ್ದರೆ, ಡಿಸ್ಕ್ ಪಿಐಒಗೆ, ಅಂದರೆ ಪ್ರೊಸೆಸರೇ ಕೂತು ಮಾಹಿತಿ ಸಾಗಿಸುವ ನಿಧಾನದ ವಿಧಾನಕ್ಕೆ, ಜಾರಿದೆ. ಓದುವಾಗ ಆರು ತಪ್ಪು ಕಂಡರೆ ಎಕ್ಸ್‌ಪಿ ಡಿಎಂಎ (ಪ್ರೊಸೆಸರಿನ ನೆರವಿಲ್ಲದೆ ಸಾಗಿಸುವ ವಿಧಾನ) ವೇಗವನ್ನು ಹಂತಹಂತವಾಗಿ ಇಳಿಸಿ ಕೊನೆಗೆ ಪಿಐಒಗೆ ತಂದುಬಿಡುತ್ತದೆ, ತಾನಾಗಿ ಮತ್ತೆ ಏರಿಸುವುದಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಪ್ರೈಮರಿ ಐಡಿಇ ಚಾನೆಲ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ತೆರೆದು ನೋಡಿ. ಪಿಐಒ ಎಂದಿದ್ದರೆ ಆ ಚಾನೆಲ್ ಅನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿ. ಕೇಬಲ್ಲನ್ನೂ ಎಣಿಸಿ ನೋಡಿ: 33ಕ್ಕಿಂತ ಮೇಲಿನ ಡಿಎಂಎ ವೇಗಕ್ಕೆ 80 ಎಳೆಯ ಕೇಬಲ್ ಬೇಕು, ದಪ್ಪ ಎಳೆಯ 40ರದ್ದು ಸಾಲದು.

ಐಬಿಎಂ ಪಿಸಿ ಎಕ್ಸ್‌ಟಿ ಕಾಲದ 20 ಎಂಬಿ ಡಿಸ್ಕಿನಲ್ಲಿ "ಇಂಟರ್‌ಲೀವ್" ಎಂದರೇನು?

ಆ ಡಿಸ್ಕುಗಳಲ್ಲಿ ಟ್ರ್ಯಾಕಿಗೆ 17 ಸೆಕ್ಟರ್, ಸೆಕೆಂಡಿಗೆ 60 ಸುತ್ತು. ತಡೆಯಿಲ್ಲದೆ ಓದಿದರೆ 5,22,240 ಬೈಟ್. ಆದರೆ ಕಂಪ್ಯೂಟರ್ ಒಂದು ಸೆಕ್ಟರ್ ನುಂಗಿ ಮುಂದಿನದಕ್ಕೆ ಕೈಚಾಚುವಷ್ಟರಲ್ಲಿ ಅದು ಹೆಡ್ ದಾಟಿ ಹೋಗಿರುತ್ತಿತ್ತು. ಅದಕ್ಕೇ ಸೆಕ್ಟರ್‌ಗಳನ್ನು ಎರಡೆರಡು ಬಿಟ್ಟು ಬಿಟ್ಟು ಜೋಡಿಸುತ್ತಿದ್ದರು, 3:1. ಮೂರು ಸುತ್ತಿಗೆ ಒಂದು ಟ್ರ್ಯಾಕು, 1,74,080 ಬೈಟ್. ಬೇಗ ಆಗಲಿ ಎಂದು ಅಂಥ ಯಂತ್ರದಲ್ಲಿ 1:1 ಮಾಡಿಕೊಂಡರೆ ಸುತ್ತಿಗೆ ಒಂದೇ ಸೆಕ್ಟರ್ ಸಿಕ್ಕು 30,720 ಬೈಟಿಗೆ ಕುಸಿಯುತ್ತದೆ, ಫ್ಲಾಪಿಗಿಂತ ಕಡಿಮೆ. ಆ ಫಾರ್ಮ್ಯಾಟನ್ನು ಈಗ ಮುಟ್ಟಲೇಬೇಡಿ.

ಶಾಲೆಯಲ್ಲಿ ಬಿಬಿಸಿ ಮೈಕ್ರೊದ ಕ್ಯಾಸೆಟ್ ಸಿಕ್ಕಿದೆ. ಅದರ ವೇಗ?

ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ 1984ರ ಕ್ಲಾಸ್ ಯೋಜನೆಯಲ್ಲಿ ದೇಶದ ಹಲವು ಶಾಲೆಗಳಿಗೆ ಬಂದ ಯಂತ್ರ ಅದು. ಕ್ಯಾಸೆಟ್ಟಿನಲ್ಲಿ 1200 ಬಿಪಿಎಸ್, ಅಥವಾ ನಿಧಾನದ 300. 32 ಕೆಬಿ ತುಂಬಲು 1200ರಲ್ಲಿ ನಾಲ್ಕೂವರೆ ನಿಮಿಷ, ಕಟ್ಟುಗಳ ನಡುವಿನ ಬಿಡುವು ಸೇರಿ ಐದು ದಾಟುತ್ತದೆ. ಉಳಿಸಿಕೊಳ್ಳಬೇಕಾದರೆ ಲೈನ್-ಇನ್ ಮೂಲಕ 44,100 ಹರ್ಟ್ಸ್‌ನ ವೇವ್ ಫೈಲಾಗಿ ರೆಕಾರ್ಡ್ ಮಾಡಿ. ಎಂಪಿ3 ಬೇಡ, ಡಾಲ್ಬಿ ಬೇಡ. ಕಿವಿಗೆ ಹಿತ ಮಾಡಲು ಹೋಗಿ ಬಿಟ್‌ಗಳ ಅಂಚನ್ನೇ ಸವರಿಬಿಡುತ್ತವೆ.

ಮಳೆಗಾಲದಲ್ಲಿ ಮಾತ್ರ ಮೋಡೆಮ್, ಡಿಎಸ್‌ಎಲ್ (ಫೋನ್ ತಂತಿಯ ಬ್ರಾಡ್‌ಬ್ಯಾಂಡ್) ನಿಧಾನವಾಗುವುದೇಕೆ?

ಪುನರ್ವಸು, ಪುಷ್ಯ ಮಳೆಯಲ್ಲಿ ಕಂಬದ ಮೇಲಿನ ಡಬ್ಬಿಗೂ ನೆಲದಡಿಯ ಜಾಯಿಂಟಿಗೂ ನೀರು ಇಳಿಯುತ್ತದೆ. ತಿರುಚಿ ಟೇಪ್ ಸುತ್ತಿದ ಜಾಯಿಂಟು ಹಸಿರು ಕಿಲುಬು ಹಿಡಿದು, ಎರಡು ತಂತಿಗಳ ನಡುವೆ ಸಣ್ಣಗೆ ಸೋರಿಕೆ ಶುರುವಾಗುತ್ತದೆ. ಮಾತಾಡಲು ತೊಂದರೆಯಿಲ್ಲದಷ್ಟು ಕರಕರವೂ ಮೋಡೆಮ್‌ಗೆ ಸಾಕು. ಅದು ವೇಗ ಇಳಿಸುತ್ತದೆ, ಅಥವಾ ಕಡಿದು ಮತ್ತೆ ಹೊಂದಿಕೊಳ್ಳುತ್ತದೆ.

ಪರೀಕ್ಷೆ ಹೀಗೆ ಮಾಡಿ. ಮನೆಯ ಎಲ್ಲ ಪ್ಯಾರಲಲ್ ಫೋನ್‌ಗಳನ್ನೂ ಕಳಚಿ. ಲೈನ್ ಒಳಬರುವ ಮೊದಲ ಸಾಕೆಟ್ಟಿಗೆ ತಂತಿಯ ಫೋನೊಂದನ್ನೇ ಹಾಕಿ. ಒಂದು ಅಂಕಿ ಒತ್ತಿದರೆ ಡಯಲ್ ಟೋನ್ ನಿಲ್ಲುತ್ತದೆ. ಆ ನಿಶ್ಶಬ್ದದಲ್ಲಿ ಕಿವಿಗೊಡಿ. ಇಲ್ಲೇ ಕರಕರ ಇದ್ದರೆ ತೊಂದರೆ ಹೊರಗಿದೆ, ಲೈನ್‌ಮನ್‌ಗೆ ಹೇಳಿ ಜಾಯಿಂಟನ್ನು ಜೆಲ್ ತುಂಬಿದ ಕನೆಕ್ಟರಿನಲ್ಲಿ ಮಾಡಿಸಿ. ಇಲ್ಲಿ ಶುದ್ಧವಾಗಿದ್ದರೆ ಮನೆಯೊಳಗಿನ ತಂತಿ ಬದಲಿಸಿ. ಡಿಎಸ್‌ಎಲ್ ಆದರೆ ಮೋಡೆಮ್ ಪುಟದಲ್ಲಿ ಎಸ್‌ಎನ್‌ಆರ್ ಮಾರ್ಜಿನ್ (ಗದ್ದಲ ತಡೆದುಕೊಳ್ಳಲು ಉಳಿದಿರುವ ಅಂತರ) 6 ಡೆಸಿಬೆಲ್‌ಗಿಂತ ಕೆಳಗಿಳಿದರೆ ಕಡಿತದ ಸಂಭವ ಹೆಚ್ಚು. ಅಟೆನ್ಯುಯೇಷನ್ (ದಾರಿಯಲ್ಲಿ ಸಿಗ್ನಲ್ ಕುಗ್ಗುವ ಪ್ರಮಾಣ) 60 ಡೆಸಿಬೆಲ್ ದಾಟಿದ್ದರೆ ಎಕ್ಸ್‌ಚೇಂಜ್ ತೀರಾ ದೂರ, ಯಾವ ಮೋಡೆಮ್ ತಂದರೂ ಅಷ್ಟೇ. ಪ್ರತಿ ಫೋನಿಗೂ ಫಿಲ್ಟರ್ ಇರಲಿ.

ಭರಣಿ, ಕೃತ್ತಿಕೆಯ ಗುಡುಗಿಗೆ ಪವರ್ ಪ್ಲಗ್ ಕಿತ್ತರಷ್ಟೇ ಸಾಲದು. ಸಿಡಿಲು ಫೋನ್ ತಂತಿಯಲ್ಲೂ ಬರುತ್ತದೆ. ಎರಡನ್ನೂ ಕಳಚಿ.

ವೇಗ ಒಂದೇ ಇದ್ದರೂ ಉಪಗ್ರಹದ ಸಂಪರ್ಕ ಏಕೆ ತೆವಳುತ್ತದೆ?

ಹಾಸನದ ಎಂಸಿಎಫ್ ಕೇಂದ್ರದಿಂದ ನಿಯಂತ್ರಿಸುವ ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳಿರುವುದು ಸಮಭಾಜಕದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ. ಮೇಲೆ ಹೋಗಿ ಕೆಳಗೆ ಬರಲು ಬೆಳಕಿನ ವೇಗದಲ್ಲೂ 239 ಮಿಲಿಸೆಕೆಂಡು. ಉತ್ತರ ಮರಳಿ ಬರಲು ಇನ್ನೂ ಅಷ್ಟು. ಹಳೆಯ ಎಕ್ಸ್‌ಮೋಡೆಮ್ ವಿಧಾನ 128 ಬೈಟ್ ಕಳಿಸಿ "ಬಂತು" ಎಂಬ ಉತ್ತರಕ್ಕೆ ಕಾಯುತ್ತದೆ. 9600ರಲ್ಲಿ ಕಳಿಸಲು 0.14 ಸೆಕೆಂಡು, ಕಾಯಲು 0.48. ಸೆಕೆಂಡಿಗೆ 960 ಬೈಟ್ ಹೋಗಬೇಕಾದಲ್ಲಿ 208 ಹೋಗುತ್ತದೆ. ಉತ್ತರಕ್ಕೆ ನಿಲ್ಲದೆ ಕಳಿಸುತ್ತಲೇ ಹೋಗುವ ಝಡ್‌ಮೋಡೆಮ್ ಬಳಸಿದರೆ ಅದೇ ಲೈನು ಪೂರ್ತಿ ವೇಗ ಕೊಡುತ್ತದೆ, ಕಡಿದರೆ ಕಡಿದಲ್ಲಿಂದ ಮುಂದುವರಿಯುತ್ತದೆ.

ಹಳೆಯ ಯಂತ್ರದಲ್ಲಿ ಯುಎಸ್‌ಬಿಯೂ ಇಲ್ಲ, ನೆಟ್‌ವರ್ಕೂ ಇಲ್ಲ. ಫೈಲ್ ಹೊರತರುವುದು ಹೇಗೆ?

ಸೀರಿಯಲ್ ಪೋರ್ಟ್ ಸಾಮಾನ್ಯವಾಗಿ ಇರುತ್ತದೆ. ಹೊಸ ಕಂಪ್ಯೂಟರಿಗೆ ಯುಎಸ್‌ಬಿ-ಸೀರಿಯಲ್ ಅಡಾಪ್ಟರ್, ನಡುವೆ ಎರಡು ಕಂಪ್ಯೂಟರನ್ನು ನೇರ ಜೋಡಿಸುವ ನಲ್-ಮೋಡೆಮ್ ಕೇಬಲ್. ಒಂಬತ್ತು ಪಿನ್ನಿನ ಎರಡು ಹೆಣ್ಣು ಕನೆಕ್ಟರ್ ತಂದು ನೀವೇ ಬೆಸೆಯಬಹುದು: 2ರಿಂದ 3ಕ್ಕೆ, 3ರಿಂದ 2ಕ್ಕೆ, 5ರಿಂದ 5ಕ್ಕೆ, 7ರಿಂದ 8ಕ್ಕೆ, 8ರಿಂದ 7ಕ್ಕೆ, 4ರಿಂದ 6ಕ್ಕೆ, 6ರಿಂದ 4ಕ್ಕೆ. ಎರಡೂ ಕಡೆ ಒಂದೇ ವೇಗ, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್, ಹಾರ್ಡ್‌ವೇರ್ ಫ್ಲೋ ಕಂಟ್ರೋಲ್.

ಪೂರ್ತಿ ಅರ್ಥವಿಲ್ಲದ ಅಕ್ಷರ ಬಂದರೆ ಎರಡು ಕಡೆಯ ವೇಗ ಬೇರೆ ಇದೆ. ನಡುನಡುವೆ ಬೈಟ್ ಬಿಟ್ಟುಹೋಗುತ್ತಿದ್ದರೆ ಹಳೆಯ ಯಂತ್ರದ ಸೀರಿಯಲ್ ಚಿಪ್ಪು 8250 ಅಥವಾ 16450 ಇರಬೇಕು: ಅದರಲ್ಲಿ ಒಂದೇ ಬೈಟ್ ಹಿಡಿಯುವ ಜಾಗ, ಮುಂದಿನದು ಬಂದರೆ ಹಿಂದಿನದು ಹೋಯಿತು. 16550ಎ ಚಿಪ್ಪಿನಲ್ಲಿ 16 ಬೈಟ್‌ನ ಸರದಿ ಇರುವುದರಿಂದ 1,15,200 ತಡೆಯುತ್ತದೆ. ಮೊದಲಿನವಾದರೆ 9,600ಕ್ಕೆ ಇಳಿಸಿ. 20 ಎಂಬಿ ಡಿಸ್ಕಿಗೆ ಆರು ಗಂಟೆ ಹಿಡಿಯುತ್ತದೆ, ಹಿಡಿಯಲಿ; ಆದರೆ ಒಂದು ಬೈಟೂ ತಪ್ಪದೆ ಬರುತ್ತದೆ.

ಫೈಲ್ ಬಂತು, ಆದರೆ ಕನ್ನಡ ಅಕ್ಷರದ ಬದಲು ಏನೇನೋ ಚಿಹ್ನೆ. ನಕಲಿನಲ್ಲಿ ತಪ್ಪಾಯಿತೇ?

ಬಹುಪಾಲು ಇಲ್ಲ. ಅದು ಹಳೆಯ ನುಡಿ, ಬರಹ, ಶ್ರೀಲಿಪಿಯಂಥ ಫಾಂಟಿನಲ್ಲಿ ಬರೆದದ್ದು. ಅಕ್ಷರದ ಒಂದೊಂದು ತುಣುಕಿಗೆ 1 ಬೈಟ್. ಬರೆದ ಫಾಂಟನ್ನೇ ಹಾಕಿದರೆ ಓದಲು ಬರುತ್ತದೆ, ಆಮೇಲೆ ಆ ಫಾಂಟಿಗೆ ತಕ್ಕ ಪರಿವರ್ತಕದಿಂದ ಯೂನಿಕೋಡ್ ಮಾಡಿ. ಗಾತ್ರ ಹೆಚ್ಚಾದರೆ ಗಾಬರಿ ಬೇಡ. ಯೂನಿಕೋಡ್ ಬರೆದಿಡುವ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. "ಹಾಸನ" 12 ಬೈಟ್; "ಚಿಕ್ಕಮಗಳೂರು" 11 ಸಂಕೇತ, 33 ಬೈಟ್. 300ರ ಮೋಡೆಮ್‌ನಲ್ಲಿ ಈ ಒಂದು ಊರಿನ ಹೆಸರು ದಾಟಲು 1.1 ಸೆಕೆಂಡು ಬೇಕಾಗುತ್ತಿತ್ತು. ಆದರೆ ಮೂರರಲ್ಲಿ ಮೊದಲ ಬೈಟ್ ಯಾವಾಗಲೂ ಒಂದೇ, ಎರಡನೆಯದಕ್ಕೆ ಎರಡೇ ಆಯ್ಕೆ. ಹಾಗಾಗಿ ಜಿಪ್ ಮಾಡಿದರೆ ಚೆನ್ನಾಗಿ ಕುಗ್ಗುತ್ತದೆ.

ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವೊತ್ತು ಆಗಾಗ ಜಾಗ ತಪ್ಪುತ್ತವೆ. ಹೆಸರು, ಸರ್ವೆ ನಂಬರ್, ಮೊತ್ತ ಇರುವ ಸಾಲುಗಳನ್ನು ಮೂಲದ ಪಕ್ಕದಲ್ಲಿಟ್ಟು ಒಂದೊಂದಾಗಿ ನೋಡಿ. ಡಿಸ್ಕಿನ ಇಮೇಜ್ ಮತ್ತು ಹಳೆಯ ಫಾಂಟಿನ ಫೈಲು ಎರಡನ್ನೂ ಯೂನಿಕೋಡ್ ಪ್ರತಿಯ ಜೊತೆಗೇ ಒಂದೇ ಫೋಲ್ಡರಿನಲ್ಲಿ ಇಡಿ.